ಆನೆಗಳನ್ನು ಎಲ್ಲಿ ನಿಲ್ಲಿಸಬೇಕು?

ಮೇಜಿನ ಮೇಲೆ ಪುಟ್ಟ ಗೊಂಬೆ ಸೈನ್ಯ ಇಟ್ಟು ಆಡುವ ಯುದ್ಧದಾಟದಲ್ಲಿ, ಉಡುಪಿಯ ನಿಮ್ಮ ಕ್ಯಾಂಪೇನ್‌ನ (ಸರಣಿ ಆಟದ) ಕಾಲ್ಪನಿಕ ನದಿ ಯುದ್ಧದಲ್ಲಿ ನಿಮಗೆ ಆರು ಆನೆ, ಎದುರಾಳಿಗೆ ಉದ್ದ ಈಟಿಯ ಫ್ಯಾಲಾಂಕ್ಸ್ (ಒತ್ತೊತ್ತಾಗಿ ನಿಂತ ಕಾಲಾಳು ಪಡೆ) ಮತ್ತು ಜಾಸ್ತಿ ಕುದುರೆ. ಆನೆ ನಡುವೆ ಇಡಲಾ, ಬದಿಗಾ ಅಂತ ಕೇಳಿದ್ದೀರಿ.

ಬದಿಗೇ ಇಡಿ, ಕುದುರೆಗಳ ಎದುರು. ಪಳಗದ ಕುದುರೆ ಆನೆಯ ವಾಸನೆಗೇ ಬೆದರುತ್ತದೆ. ಕ್ರಿ.ಪೂ. 301ರ ಇಪ್ಸಸ್ ಯುದ್ಧ ನೋಡಿ, ಅಲೆಕ್ಸಾಂಡರ್ ಸತ್ತ ಮೇಲೆ ಅವನ ಸೇನಾಪತಿಗಳಾಗಿದ್ದ ಆಂಟಿಗೊನಸ್ ಒಂದು ಕಡೆ, ಸೆಲ್ಯೂಕಸ್ ಮತ್ತವನ ಜೊತೆಗಾರರು ಇನ್ನೊಂದು ಕಡೆ. ಆಂಟಿಗೊನಸ್‌ನ ಮಗ ಡೆಮೆಟ್ರಿಯಸ್ ಎದುರಿನ ಕುದುರೆ ಪಡೆಯನ್ನು ಅಟ್ಟಿಸಿಕೊಂಡು ದೂರ ಹೋಗಿಬಿಟ್ಟ. ತಿರುಗಿ ಬರುವಾಗ ನಡುವೆ ಸೆಲ್ಯೂಕಸ್‌ನ ಆನೆಗಳ ಸಾಲು! ದಾಟಲು ಆಗಲೇ ಇಲ್ಲ. ಇತ್ತ ಅವನ ತಂದೆ ಆಂಟಿಗೊನಸ್ ಮಗನಿಗಾಗಿ ಕಾಯುತ್ತಲೇ ಸತ್ತ. ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಕೊಡುವ ಲೆಕ್ಕದಲ್ಲಿ ಸೆಲ್ಯೂಕಸ್‌ನ ಕಡೆ ಇದ್ದದ್ದು 400 ಆನೆ. ಸೆಲ್ಯೂಕಸ್‌ಗೆ ಆನೆ ಕೊಟ್ಟವನು ನಮ್ಮ ಚಂದ್ರಗುಪ್ತ ಮೌರ್ಯ. ಓದಿದಾಗಲೆಲ್ಲ ಖುಷಿಯಾಗುತ್ತದೆ.

ಕಾಲಾಳುಗಳ ಮುಂದೆ ಸಾಲಾಗಿ ನಿಲ್ಲಿಸಿದರೆ ಹೈಡಾಸ್ಪೆಸ್‌ನ ಗತಿ. ಕ್ರಿ.ಪೂ. 326ರಲ್ಲಿ ಆ ನದಿಯ (ಈಗಿನ ಝೇಲಂ) ದಡದಲ್ಲಿ ಅಲೆಕ್ಸಾಂಡರ್‌ನ ಎದುರು ರಾಜ ಪೋರಸ್ ಹಾಗೇ ನಿಲ್ಲಿಸಿದ್ದ. ಮಾವುತರು ಬಿದ್ದರು, ಗಾಯಗೊಂಡ ಆನೆಗಳು ಇಕ್ಕಟ್ಟಿನಲ್ಲಿ ತಮ್ಮವರನ್ನೇ ತುಳಿದವು. ಹಾಗಾಗಿ ಪ್ರತಿ ಆನೆಯ ಹಿಂದೆ ಒಂದು ಬೇಸ್‌ನಷ್ಟಾದರೂ (ಗೊಂಬೆ ನಿಲ್ಲಿಸುವ ತಟ್ಟೆಯಷ್ಟು) ಖಾಲಿ ಜಾಗ ಬಿಡಿ. ಕಾಲ ಬುಡದಲ್ಲಿ ಬಿಲ್ಲುಗಾರರು ಇರಲಿ. ಎದುರಾಳಿಯ ಭರ್ಜಿ ಎಸೆಯುವವರನ್ನು ಅವರೇ ತಡೆಯಬೇಕು, ಆನೆಗೆ ನಿಜವಾದ ಅಪಾಯ ಅಲ್ಲಿಂದಲೇ.

ಇನ್ನೊಂದು ವಿಷಯ. ಹೈಡಾಸ್ಪೆಸ್‌ನಲ್ಲಿ ಹಿಂದಿನ ರಾತ್ರಿ ಜೋರು ಮಳೆ ಬಂದು ಪೋರಸ್‌ನ ಮಗನ ರಥಗಳು ಕೆಸರಲ್ಲಿ ಹೂತುಹೋದವು. ಆಟಿ ತಿಂಗಳ ಗದ್ದೆಯ ಹಾಗೆ ಅಂದುಕೊಳ್ಳಿ. ನಿಮ್ಮ ನದಿ ದಡಕ್ಕೂ ಮಳೆಯ ನಿಯಮ ಇದ್ದರೆ ರಥಗಳನ್ನು ಸುಮ್ನೆ ಹಿಂದೆ ಬಿಟ್ಟು ಹೋಗಿ, ಅವಕ್ಕೆ ಖರ್ಚಾಗುವ ಪಾಯಿಂಟ್‌ಗಳನ್ನು (ಆಟದಲ್ಲಿ ಪಡೆ ಕೊಳ್ಳುವ ಅಂಕ) ಬಿಲ್ಲುಗಾರರಿಗೆ ಹಾಕಿ.