ಮ್ಯಾಪಿನಲ್ಲಿ ಹಳಿಯಾಚೆ ಹೋದ ಖಾನಾವಳಿ

ಪ್ರಶ್ನೆ: ಮುಂಬೈ ಬಳಿಯ ಡೊಂಬಿವಲಿ ಪೂರ್ವದಲ್ಲಿ ಬಾಡಿಗೆ ಗಾಳಾ (ಅಂಗಡಿ ಮಳಿಗೆ) ಹಿಡಿದು ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಿದ್ದೇವೆ. ಗೂಗಲ್ ಮ್ಯಾಪ್‌ನಲ್ಲಿ ಹೆಸರು ಹಾಕಿದ್ದೇವೆ, ಆದರೆ ಗುರುತು ರೈಲು ಹಳಿಯಾಚೆ ಪಶ್ಚಿಮದಲ್ಲಿ ಬೀಳುತ್ತದೆ. ನಮ್ಮ ಜಾಗದಲ್ಲಿ ಮೊದಲಿದ್ದ ಝೆರಾಕ್ಸ್ ಅಂಗಡಿಯ ಹೆಸರೇ ಇನ್ನೂ ಬರುತ್ತಿದೆ. ಅಂಗಡಿ ನಮ್ಮದೇ ಎಂದು ತೋರಿಸಲು ಗೂಗಲ್‌ಗೆ ವಿಡಿಯೊ ಕಳಿಸಿದರೂ ವೆರಿಫಿಕೇಶನ್ ಆಗಲಿಲ್ಲ. ದುಡ್ಡು ಕೊಟ್ಟರೆ ಮೊದಲ ನಂಬರಿಗೆ ತರುತ್ತೇವೆಂದು ಫೋನುಗಳೂ ಬರುತ್ತಿವೆ. ಏನು ಮಾಡಬೇಕು?

ಉತ್ತರ: ಮೊದಲು ಗುರುತು ಸರಿಪಡಿಸಿ. ಹಸಿದು ಬಂದ ಗಿರಾಕಿ ಸ್ಟೇಷನ್ ಸೇತುವೆ ಹತ್ತಿಳಿದು ಮತ್ತೆ ನಿಮ್ಮನ್ನು ಹುಡುಕುತ್ತಾ ಬರುವುದಿಲ್ಲ. ವಿಳಾಸದಲ್ಲಿ ಬರೀ ‘ಡೊಂಬಿವಲಿ’ ಎಂದಿದ್ದರೆ ಗೂಗಲ್ ಅಂದಾಜಿನ ಮೇಲೆ ಗುರುತಿಡುತ್ತದೆ. ಗಾಳಾ ನಂಬರು, ಸೊಸೈಟಿ, ರಸ್ತೆ, ‘ಪೂರ್ವ’ ಎಲ್ಲವೂ ಇರಲಿ. ಪಿನ್ ಕೋಡನ್ನೂ ನೋಡಿಕೊಳ್ಳಿ: 421202 ಪಶ್ಚಿಮದ್ದು, ಪೂರ್ವದಲ್ಲಿ ಸ್ಟೇಷನ್ ಸುತ್ತಮುತ್ತ 421201. ಬಳಿಕ ನಿಮ್ಮ ಬಿಸಿನೆಸ್ ಪ್ರೊಫೈಲಿನಲ್ಲಿ (ಗೂಗಲ್‌ನಲ್ಲಿ ಕಾಣುವ ನಿಮ್ಮ ಅಂಗಡಿಯ ಪುಟ) ‘ಎಡಿಟ್ ಪ್ರೊಫೈಲ್’ನ ಲೊಕೇಶನ್ ಭಾಗಕ್ಕೆ ಹೋಗಿ, ಮ್ಯಾಪನ್ನು ಸ್ಯಾಟಲೈಟ್ ನೋಟದಲ್ಲಿ ದೊಡ್ಡದು ಮಾಡಿ, ಗುರುತನ್ನು ಎಳೆದು ರಸ್ತೆಗೆ ಮುಖಮಾಡಿದ ಶಟರಿನ ಮೇಲೇ ಇಡಿ. ಸೊಸೈಟಿಯ ಹಿಂದಿನ ಗೇಟಿನಲ್ಲಿ ಇಟ್ಟರೆ ಪಾರ್ಸೆಲ್ ಒಯ್ಯುವ ಹುಡುಗರು ವಾಚ್‌ಮನ್ ಜೊತೆ ಜಗಳಕ್ಕೆ ನಿಲ್ಲುತ್ತಾರೆ.

ವಿಡಿಯೊ ತಿರಸ್ಕಾರವಾಗಲು ಸಾಮಾನ್ಯ ಕಾರಣ, ಪ್ರೊಫೈಲಿನಲ್ಲಿ ಒಂದು ಹೆಸರು, ಬೋರ್ಡಿನಲ್ಲಿ ಇನ್ನೊಂದು. ‘ಡೊಂಬಿವಲಿಯ ಬೆಸ್ಟ್ ಊಟ’ ಎಂಬಂಥ ಬಾಲವನ್ನು ಹೆಸರಿಗೆ ಅಂಟಿಸಿದ್ದರೆ ತೆಗೆಯಿರಿ. ಅದಕ್ಕೇ ಪ್ರೊಫೈಲ್ ಸಸ್ಪೆಂಡ್ ಆಗುವುದುಂಟು. ವಿಡಿಯೊ ಕನಿಷ್ಠ 30 ಸೆಕೆಂಡ್ ಇರಬೇಕು, ನಡುವೆ ಎಲ್ಲೂ ಕಟ್ ಇರಬಾರದು. ರಸ್ತೆಯಿಂದಲೇ ಶುರುಮಾಡಿ ಅಕ್ಕಪಕ್ಕದ ಅಂಗಡಿಗಳ ಬೋರ್ಡು, ನಿಮ್ಮ ಬೋರ್ಡು ತೋರಿಸಿ, ಒಳಗೆ ಹೋಗಿ ಒಲೆ, ಹಂಚು, ಟೇಬಲುಗಳನ್ನು ತೋರಿಸಿ. ಇಷ್ಟೇ ಸಾಲದು, ಅಂಗಡಿ ನಡೆಸುವವರು ನೀವೇ ಎಂಬುದೂ ಕಾಣಬೇಕು: ಕೀಲಿಯಿಂದ ಶಟರು ತೆಗೆಯಿರಿ, ಗಲ್ಲಾ ತೆರೆಯಿರಿ ಅಥವಾ ಗುಮಾಸ್ತಾ ಲೈಸೆನ್ಸ್ (ಅಂಗಡಿ ನೋಂದಣಿ ಪತ್ರ) ತೋರಿಸಿ. ಗಿರಾಕಿಗಳ ಮುಖ, ಬ್ಯಾಂಕ್ ಖಾತೆ ನಂಬರು ಬೀಳದಂತೆ ನೋಡಿಕೊಳ್ಳಿ. ಪರಿಶೀಲನೆಗೆ ಐದು ಕೆಲಸದ ದಿನಗಳವರೆಗೂ ಹಿಡಿಯಬಹುದು.

ಝೆರಾಕ್ಸ್ ಅಂಗಡಿಯ ಮೇಲೆ ಒತ್ತಿ, ‘ಸಜೆಸ್ಟ್ ಆ್ಯನ್ ಎಡಿಟ್’ನಲ್ಲಿ ಶಾಶ್ವತವಾಗಿ ಮುಚ್ಚಿದೆ ಎಂದು ತಿಳಿಸಿ. ಅದರ ರಿವ್ಯೂ ಆಸೆಗೆ ಅದೇ ಪ್ರೊಫೈಲಿನ ಹೆಸರು ಬದಲಿಸಲು ಹೋಗಬೇಡಿ. ಅದು ನಿಯಮಕ್ಕೆ ವಿರುದ್ಧ. ಮೇಲಾಗಿ ರೊಟ್ಟಿ ಅಂಗಡಿಗೆ ‘ಪ್ರಿಂಟ್ ಮಸುಕು’ ಎಂಬ ದೂರು ಯಾಕೆ ಬೇಕು?

ಮುಖ್ಯ ಕೆಟಗರಿ ಒಂದೇ, ಉಪಕೆಟಗರಿ ಒಂಬತ್ತರವರೆಗೆ. ‘ಸೌತ್ ಇಂಡಿಯನ್ ರೆಸ್ಟೋರೆಂಟ್’ ಮುಖ್ಯವಾದರೆ ದೋಸೆ ಕೇಳುವವರು ಬಂದು ವಾಪಸಾಗುತ್ತಾರೆ. ನಿಮ್ಮದು ಶುದ್ಧ ಸಸ್ಯಾಹಾರಿಯಾಗಿದ್ದರೆ ‘ವೆಜಿಟೇರಿಯನ್ ರೆಸ್ಟೋರೆಂಟ್’ ಮುಖ್ಯವಿರಲಿ. ಮೆನುವಿನಲ್ಲಿ ಜೋಳದ ರೊಟ್ಟಿಯ ಪಕ್ಕ ‘ಜ್ವಾರಿ ಭಾಕರಿ’ ಎಂದೂ ಬರೆಯಿರಿ, ಅಲ್ಲಿಯ ಜನ ಹುಡುಕುವುದು ಹಾಗೆ. ಮಧ್ಯಾಹ್ನ, ರಾತ್ರಿಯ ವೇಳೆಯನ್ನು ಬೇರೆ ಬೇರೆ ಹಾಕಿ. ಒಂದೇ ಉದ್ದ ವೇಳೆ ಹಾಕಿದರೆ ಸಂಜೆ ನಾಲ್ಕಕ್ಕೆ ಬಂದವರು ಮುಚ್ಚಿದ ಶಟರು ನೋಡಿ ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ. ರಿವ್ಯೂಗೆ ಪುಕ್ಕಟೆ ಮಜ್ಜಿಗೆಯ ಆಮಿಷ ಒಡ್ಡಕೂಡದು. ಗಲ್ಲಾದ ಬಳಿ ರಿವ್ಯೂ ಕ್ಯೂಆರ್ ಅಂಟಿಸಿದರೆ ಸಾಕು.

ಇನ್ನು ಆ ಫೋನುಗಳು. ಹುಡುಕಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ಹತ್ತಿರವಿದೆ, ಎಷ್ಟು ಹೆಸರು ಮಾಡಿದೆ ಎಂಬುದನ್ನು ನೋಡಿ ಗೂಗಲ್ ಕ್ರಮ ಕಟ್ಟುತ್ತದೆ. ಜಾಹೀರಾತು ಬೇರೆ, ಅದರ ಮೇಲೆ ‘ಸ್ಪಾನ್ಸರ್ಡ್’ ಎಂದೇ ಇರುತ್ತದೆ. ಉಳಿದ ಸ್ಥಾನ ಮಾರಾಟಕ್ಕಿಲ್ಲ. ಒಟಿಪಿಯನ್ನಂತೂ ಯಾರಿಗೂ ಹೇಳಬೇಡಿ, ಪ್ರೊಫೈಲೇ ಕೈತಪ್ಪೀತು. ತಿಳಿದವರ ನೆರವು ಬೇಕಿದ್ದರೆ ಅವರನ್ನು ‘ಮ್ಯಾನೇಜರ್’ ಆಗಿ ಸೇರಿಸಿ, ‘ಓನರ್’ ನೀವೇ ಇರಿ.