ಮೊಮ್ಮಗ ನಗಲಿಲ್ಲ, ತಪ್ಪು ಚಾಪ್ಲಿನ್‌ದಾ?

ಜಮಖಂಡಿಯ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: "ದೀಪಾವಳಿ ಸೂಟಿಗೆ ಪುಣೆಯಿಂದ ಬಂದ ಮೊಮ್ಮಗನಿಗೆ ಟೀವಿಯಲ್ಲಿ ಚಾಪ್ಲಿನ್‌ನ ‘ದ ಗೋಲ್ಡ್ ರಶ್’ ಹಾಕಿ ತೋರಿಸಿದೆ. ಹತ್ತು ನಿಮಿಷ ನೋಡಿದ. ‘ಅಜ್ಜಾ, ಇದರಾಗ ನಗೂವಂಥಾದ್ದು ಏನೈತಿ?’ ಅಂತ ಕೇಳಿ ಮೊಬೈಲ್ ಹಿಡಿದು ಒಳಗೆ ಹೋದ. ಹರೆಯದಲ್ಲಿ ನಾವು ಥೇಟರಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಸುಳ್ಳಾ? ಅಥವಾ ಈಗಿನ ಹುಡುಗರಿಗೆ ನಗುವುದೇ ಮರೆತಿದೆಯಾ? ನಿಮ್ಮ ಪತ್ರಿಕೆ ಈ ಹಳೆಯ ಸಿನಿಮಾಗಳನ್ನು ಹೊಗಳುತ್ತಲೇ ಇರುತ್ತದೆ. ಈಗ ಯಾರು ನಗುತ್ತಾರೆ ಅಂತ ಯಾವಾಗಲಾದರೂ ನೋಡಿದ್ದೀರಾ?"

ಗುರುಗಳೇ,

ಒಳಗೆ ಹೋದ ಮೇಲೆ ಅವನು ಮೊಬೈಲಿನಲ್ಲಿ ಏನು ನೋಡಿದ ಅಂತ ನೀವು ಬರೆದಿಲ್ಲ. ನನಗೆ ಅಂದಾಜಿದೆ. ಯಾರೋ ಕೆಸರಿನಲ್ಲಿ ಜಾರುತ್ತಾರೆ, ಮದುವೆ ಊಟಕ್ಕೆ ಕೂತವರ ಕುರ್ಚಿ ಮುರಿಯುತ್ತದೆ, ಬೆಕ್ಕು ಜಿಗಿಯಲು ಹೋಗಿ ದೊಪ್ಪೆಂದು ಬೀಳುತ್ತದೆ. ಅರ್ಧರ್ಧ ನಿಮಿಷದ ರೀಲ್ಸ್. ನೋಡಿ ನಕ್ಕೂ ಇರುತ್ತಾನೆ.

ಆ ಸರಕು ಹೊಸದೇನಲ್ಲ. 1895ರಲ್ಲಿ ಫ್ರಾನ್ಸಿನ ಲ್ಯೂಮಿಯೇರ್ ಸೋದರರು ಪ್ಯಾರಿಸ್ಸಿನಲ್ಲಿ ಟಿಕೆಟ್ ಇಟ್ಟು ಸಿನಿಮಾ ತೋರಿಸಿದಾಗ ಅದರಲ್ಲಿ ಒಂದು ನಿಮಿಷವೂ ಇಲ್ಲದ ತಮಾಷೆಯೊಂದಿತ್ತು. ಮಾಲಿ ಪೈಪು ಹಿಡಿದು ತೋಟಕ್ಕೆ ನೀರು ಬಿಡುತ್ತಿದ್ದಾನೆ. ಹಿಂದಿನಿಂದ ಬಂದ ಹುಡುಗ ಪೈಪನ್ನು ತುಳಿಯುತ್ತಾನೆ. ನೀರು ನಿಂತುಹೋಗುತ್ತದೆ. ಮಾಲಿ ಪೈಪಿನ ಬಾಯಿಯನ್ನು ತನ್ನ ಕಡೆ ತಿರುಗಿಸಿ ಇಣುಕುತ್ತಾನೆ. ಹುಡುಗ ಕಾಲು ತೆಗೆಯುತ್ತಾನೆ. ಮುಂದೇನಾಗುತ್ತದೆ ಅಂತ ಹೇಳಬೇಕಿಲ್ಲ. ಹುಡುಗ ಓಟ ಕೀಳುತ್ತಾನೆ. ಮಾಲಿ ಅವನನ್ನು ಹಿಡಿದು, ಕ್ಯಾಮೆರಾಕ್ಕೆ ಸರಿಯಾಗಿ ಕಾಣುವ ಜಾಗಕ್ಕೆ ಎಳೆದು ತಂದು ಬಾರಿಸುತ್ತಾನೆ. ಲೈಕ್ ಬೇಕೆಂದು ರೀಲ್ಸ್ ಮಾಡುವವರ ಬುದ್ಧಿ ಅವತ್ತೇ ಇತ್ತು ನೋಡಿ.

ಹಾಗಾಗಿ ಈಗಿನವರಿಗೆ ನಗು ಮರೆತಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನೀವು ನಕ್ಕಿದ್ದೂ ಸುಳ್ಳಲ್ಲ. ಇಬ್ಬರ ನಡುವೆ ಬದಲಾದದ್ದು ನೋಡುವ ರೀತಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ತಾಳ್ಮೆ ಇರಲಿ.

ಮೊದಲನೆಯದಾಗಿ, ನಿಮ್ಮ ಮೊಮ್ಮಗ ಬೂಟಿನ ದೃಶ್ಯ ಬರುವ ಮೊದಲೇ ಎದ್ದುಹೋಗಿದ್ದಾನೆ. ಆ ಚಿತ್ರದ ಮೊದಲ ಹತ್ತು ನಿಮಿಷದಲ್ಲಿ ಹಿಮ, ಗಾಳಿ, ಒಂದು ಕರಡಿ, ಒಂದು ಗುಡಿಸಲು. ಅಷ್ಟೇ. ಚಾಪ್ಲಿನ್ ಹಸಿವನ್ನು ನಿಧಾನಕ್ಕೆ ಕುದಿಸುತ್ತಾರೆ. ಆಮೇಲೆ ಹಿಮದ ನಡುವಿನ ಆ ಗುಡಿಸಲಿನಲ್ಲಿ ತಿನ್ನಲು ಏನೂ ಉಳಿಯದೆ ಅಲೆಮಾರಿ (ಚಾಪ್ಲಿನ್‌ರ ಪಾತ್ರ) ತನ್ನ ಬೂಟನ್ನೇ ಪಾತ್ರೆಗೆ ಹಾಕಿ ಬೇಯಿಸುತ್ತಾನೆ. ಬೆಂದಿದೆಯಾ ಅಂತ ಫೋರ್ಕಿನಿಂದ ಚುಚ್ಚಿ ನೋಡಿ, ಇನ್ನೆರಡು ನಿಮಿಷ ಎನ್ನುತ್ತಾನೆ. ತಟ್ಟೆಗೆ ಬಡಿಸಿ, ಬೇಯಿಸಿದ ನೀರನ್ನೇ ಸಾರಿನ ಹಾಗೆ ಮೇಲೆ ಹಾಕುತ್ತಾನೆ. ಮೇಲಿನ ಚರ್ಮ ಜೊತೆಗಾರ ಬಿಗ್ ಜಿಮ್‌ಗೆ. ಮೊಳೆ ತುಂಬಿದ ಅಟ್ಟೆ ಇವನಿಗೆ. ಒಂದೊಂದೇ ಮೊಳೆಯನ್ನು ನಲ್ಲಿ ಮೂಳೆಯಂತೆ ಚೀಪಿ ಪಕ್ಕಕ್ಕಿಡುತ್ತಾನೆ. ಲೇಸನ್ನು ಶಾವಿಗೆಯ ಹಾಗೆ ಫೋರ್ಕಿಗೆ ಸುತ್ತಿಕೊಂಡು ಬಾಯಿಗಿಡುತ್ತಾನೆ. ಒಂದು ಸಲವೂ ಮುಖ ಕಿವಿಚುವುದಿಲ್ಲ. ದೊಡ್ಡ ಹೋಟೆಲಿನಲ್ಲಿ ಕೂತವನ ಗತ್ತು! ಎದುರಿಗೆ ಜಿಮ್ ಮಾತ್ರ ಕಹಿ ಕಷಾಯ ಕುಡಿದವರ ಮುಖ ಮಾಡಿಕೊಂಡು ಅಗಿಯುತ್ತಾನೆ.

ಇದೇ ದೃಶ್ಯದಲ್ಲಿ ಅಲೆಮಾರಿ ಬಾಗಿದ ಮೊಳೆಯೊಂದನ್ನು ಬೆರಳಿಗೆ ಸಿಕ್ಕಿಸಿ ಜಿಮ್‌ನ ಕಡೆ ಚಾಚುತ್ತಾನೆ. ಅಮೆರಿಕದವರು ಕೋಳಿಯ ಎದೆಯ ಕವಲು ಮೂಳೆಯನ್ನು ಇಬ್ಬರು ಹಿಡಿದು ಎಳೆದು ಅದೃಷ್ಟ ನೋಡುತ್ತಾರಂತೆ, ಅದರ ತಮಾಷೆ. ಜಮಖಂಡಿಯಲ್ಲಿ ಅದು ಯಾರಿಗೂ ಹೊಳೆಯುವುದಿಲ್ಲ. ಹೊಳೆಯದಿದ್ದರೂ ಏನೂ ಕೆಡುವುದಿಲ್ಲ, ಅಲ್ವಾ? ಹಸಿದವನು ಮರ್ಯಾದೆ ಬಿಡದೆ ಉಣ್ಣುವುದು ಸಾಕು. ಆ ಬೂಟನ್ನು ಜ್ಯೇಷ್ಠಮಧುವಿನ ಮಿಠಾಯಿಯಿಂದ ಮಾಡಿದ್ದರು. ಆದರೆ ಯೋಚನೆ ಬಂದದ್ದು ನಿಜವಾದ ದುರಂತದಿಂದ. 1846ರ ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೊರಟ ಗುಂಪೊಂದು ಹಿಮದಲ್ಲಿ ಸಿಕ್ಕಿಬಿದ್ದು ಚಪ್ಪಲಿ, ಚರ್ಮ ಬೇಯಿಸಿ ತಿಂದ ಕತೆಯನ್ನು ಚಾಪ್ಲಿನ್ ಓದಿದ್ದರು. ತಾವೂ ಲಂಡನ್ನಿನ ಬಡತನದಲ್ಲಿ ಬೆಳೆದವರು. ಹಸಿವಿನ ನಗು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಎರಡನೆಯದು, ನೀವು ಹಾಕಿದ ಪ್ರಿಂಟು ಯಾವುದು? ಮಾತಿಲ್ಲದ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುವುತ್ತಿದ್ದರು. ಸೆಕೆಂಡಿಗೆ 16ರಿಂದ 20 ಫ್ರೇಮು (ಬಿಡಿ ಚಿತ್ರ), ಕೆಲವೊಮ್ಮೆ ಇನ್ನೂ ಹೆಚ್ಚು. ಟಾಕಿ ಬಂದ ಮೇಲೆ 24 ಫ್ರೇಮು ಗಟ್ಟಿಯಾಯಿತು. ಹಳೆಯ ಚಿತ್ರವನ್ನು ಈ ಹೊಸ ವೇಗಕ್ಕೆ ಓಡಿಸಿದರೆ ನಡೆಯುವವರೆಲ್ಲ ಟಕಟಕ ಓಡುತ್ತಾರೆ, ಅಳುವವರೂ ಗಡಿಬಿಡಿಯಲ್ಲಿ ಅಳುತ್ತಾರೆ. ಬೆನ್ನಟ್ಟುವ ದೃಶ್ಯಗಳಿಗೆ ಬೇಕೆಂದೇ ನಿಧಾನಕ್ಕೆ ತಿರುವಿ ವೇಗ ತರುವುದೂ ಇತ್ತು, ಅದು ಬೇರೆ. ಆದರೆ ಮೂಕಿ ಚಿತ್ರ ಎಂದ ಕೂಡಲೇ ಇರುವೆಗಳಂತೆ ಓಡಾಡುವ ಜನ ಕಣ್ಣಿಗೆ ಬರುವುದು ನಮ್ಮ ಟೀವಿಗಳ ಕೃಪೆ. ಅದರ ಮೇಲೆ ಸಂಬಂಧವಿಲ್ಲದ ಟಿಣಿಟಿಣಿ ಪಿಯಾನೊ. ಇಂಥದ್ದನ್ನು ನೋಡಿ ಹುಡುಗ ಎದ್ದುಹೋದರೆ ನಾನು ಅವನ ಕಡೆಗೇ.

ಇನ್ನೊಂದು ಸಂಗತಿ ನಿಮಗೆ ಆಶ್ಚರ್ಯ ಅನ್ನಿಸಬಹುದು. ‘ದ ಗೋಲ್ಡ್ ರಶ್’ ಬಂದದ್ದು 1925ರಲ್ಲಿ. 1942ರಲ್ಲಿ ಚಾಪ್ಲಿನ್ ಅದನ್ನು ಮತ್ತೆ ಬಿಡುಗಡೆ ಮಾಡಿದರು. ಆಗ ಅಕ್ಷರದ ಫಲಕಗಳನ್ನು ತೆಗೆದು, ತಮ್ಮದೇ ದನಿಯಲ್ಲಿ ಕತೆ ಹೇಳಿ, ಸಂಗೀತ ಕೂಡಿಸಿ, ಚಿತ್ರವನ್ನು ಗಿಡ್ಡ ಮಾಡಿದರು. ಹದಿನೇಳೇ ವರ್ಷಕ್ಕೆ! ಹಳೆಯ ರೂಪದಲ್ಲಿ ಹೊಸ ಜನ ಕೂರುತ್ತಾರೋ ಇಲ್ಲವೋ ಎಂಬ ನಿಮ್ಮ ಅನುಮಾನ ಚಿತ್ರ ಮಾಡಿದವರಿಗೇ ಇತ್ತು. ನನಗೆ ವೈಯಕ್ತಿಕವಾಗಿ 1925ರದ್ದೇ ಇಷ್ಟ. ಆ ದನಿ ವಿವರಿಸಬಾರದ್ದನ್ನೆಲ್ಲ ವಿವರಿಸುತ್ತದೆ.

ಈಗ ಮುಖ್ಯ ಮಾತು. ಆ ಚಿತ್ರಗಳನ್ನು ತುಂಬಿದ ಥೇಟರಿಗೆಂದೇ ಮಾಡುತ್ತಿದ್ದರು. ಆ ಕಾಲದ ಇನ್ನೊಬ್ಬ ಹಾಸ್ಯನಟ ಹೆರಾಲ್ಡ್ ಲಾಯ್ಡ್ ಬಿಡುಗಡೆಗೆ ಮೊದಲೇ ಜನರಿಗೆ ಚಿತ್ರ ತೋರಿಸಿ, ಎಲ್ಲಿ ನಕ್ಕರು, ಎಲ್ಲಿ ಸುಮ್ಮನಿದ್ದರು ಅಂತ ಗಮನಿಸಿ ಮತ್ತೆ ಕತ್ತರಿ ಹಿಡಿಯುತ್ತಿದ್ದರು. ಒಂದು ತಮಾಷೆ ಆದ ಮೇಲೆ ಜನ ನಕ್ಕು ಮುಗಿಸಲು ಹೊತ್ತು ಬೇಕು. ಆ ಹೊತ್ತನ್ನು ಚಿತ್ರದಲ್ಲೇ ಬಿಟ್ಟಿರುತ್ತಾರೆ. ನಟ ಸುಮ್ನೆ ನಿಂತಿರುತ್ತಾನೆ, ಟೊಪ್ಪಿಗೆ ಸರಿಮಾಡಿಕೊಳ್ಳುತ್ತಾನೆ. ನೀವು ನೋಡಿದಾಗ ಆ ಜಾಗವನ್ನು ಸುತ್ತಲಿನವರ ನಗು ತುಂಬಿತ್ತು. ಸೋಫಾದಲ್ಲಿ ಒಬ್ಬನೇ ಕೂತ ಹುಡುಗನಿಗೆ ಅದು ಖಾಲಿಯಾಗಿ ಕಾಣುತ್ತದೆ. ಪಕ್ಕದಲ್ಲಿ ಅಜ್ಜ ಬೇರೆ, ‘ಈಗ ನೋಡು, ಈಗ ನೋಡು’ ಅಂತ! (ನೀವು ಹಾಗೆ ಹೇಳಿರಲಿಕ್ಕಿಲ್ಲ. ನಾನು ನನ್ನ ಮಗಳಿಗೆ ಹೇಳುತ್ತೇನೆ.) ನಗುವಿನ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ರಾಬರ್ಟ್ ಪ್ರೊವೈನ್, ಮನುಷ್ಯ ಒಬ್ಬನೇ ಇದ್ದಾಗಿಗಿಂತ ಜನರ ನಡುವೆ ಸುಮಾರು 30 ಪಟ್ಟು ಜಾಸ್ತಿ ನಗುತ್ತಾನೆ ಎಂದು ಕಂಡುಕೊಂಡರು.

ನಮ್ಮ ಕಡೆಯವರಿಗೆ ಇದಕ್ಕೆ ಪ್ರೊವೈನ್ ಬೇಕಿಲ್ಲ. ದೊಡ್ಡಾಟದ ಸಾರಥಿ ಇದ್ದಾನಲ್ಲ. ರಾಜ ಧಿಮಿಕಿಟ ಕುಣಿದು ಬಂದು ಅಬ್ಬರಿಸುತ್ತಾನೆ. ಸಾರಥಿ ಅವನ ಹೆಸರು ಕೇಳುತ್ತಾನೆ, ಊರು ಕೇಳುತ್ತಾನೆ, ಹೇಳಿದ್ದನ್ನು ತಿರುಚಿ ಮತ್ತೆ ಕೇಳುತ್ತಾನೆ. ನಡುರಾತ್ರಿ ಊರ ಜನ ಚಾಪೆ ಹಾಸಿಕೊಂಡು ಕೂತಾಗ ಅದೇ ಮಾತಿಗೆ ಬಿದ್ದು ಬಿದ್ದು ನಗುತ್ತಾರೆ. ಅದನ್ನೇ ಮೊಬೈಲಿನಲ್ಲಿ ಹಿಡಿದು ಮರುದಿನ ಮಧ್ಯಾಹ್ನ ಊಟವಾದ ಮೇಲೆ ನೋಡಿ, ಆಕಳಿಕೆ ಬರುತ್ತದೆ. ಕೃಷ್ಣ ಪಾರಿಜಾತದ ಗೊಲ್ಲತಿ ಮತ್ತು ಭಾಗವತನ ಜಗಳವೂ ಹಾಗೆಯೇ. ಕಂಪನಿ ನಾಟಕದಿಂದ ಸಿನಿಮಾಕ್ಕೆ ಹೋದ ನರಸಿಂಹರಾಜು ಅವರನ್ನೂ ಗಮನಿಸಿ. 1954ರ ‘ಬೇಡರ ಕಣ್ಣಪ್ಪ’ದಿಂದ ಶುರುವಾಗಿ ಎಷ್ಟು ಚಿತ್ರ! ಅವುಗಳಲ್ಲಿ ಕೆಲವು ಮಾತುಗಳು ಇವತ್ತು ಸಪ್ಪೆ. ಅವರು ಮಾತು ಶುರುಮಾಡುವ ಮೊದಲು ಕಣ್ಣು ಬಿಟ್ಟು ನಿಲ್ಲುತ್ತಾರಲ್ಲ, ಅದಕ್ಕೆ ಈಗಿನವರೂ ನಗುತ್ತಾರೆ.

ಯಾರು ನಗುತ್ತಾರೆ ಅಂತ ನೋಡಿದ್ದೀರಾ ಎಂದು ಕೇಳಿದಿರಿ. ನೋಡಿದ್ದೇನೆ. ಹುಕ್ಕೇರಿ ಕಡೆಯ ಒಂದು ಶಾಲೆಯಲ್ಲಿ ಗೆಳೆಯರೊಬ್ಬರು ಲಾರೆಲ್–ಹಾರ್ಡಿ ಜೋಡಿಯ ‘ದ ಮ್ಯೂಸಿಕ್ ಬಾಕ್ಸ್’ ಹಾಕಿದ್ದರು. 1932ರ ಚಿತ್ರ, ಅರ್ಧ ತಾಸಿನದ್ದು, ಆಸ್ಕರ್ ಬಂದದ್ದು. ಇಬ್ಬರು ಪೆದ್ದರು ಒಂದು ಪಿಯಾನೊ ಪೆಟ್ಟಿಗೆಯನ್ನು ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿಸಬೇಕು. ಅದು ಜಾರಿ ಕೆಳಗೆ ಬರುತ್ತದೆ. ಮತ್ತೆ ಹತ್ತಿಸುತ್ತಾರೆ, ಮತ್ತೆ ಜಾರುತ್ತದೆ. ಇದು ಟಾಕಿ, ಮಾತೆಲ್ಲ ಇಂಗ್ಲಿಷು. ಏಳನೆಯ ತರಗತಿಯ ಹುಡುಗರಿಗೆ ಅದರಲ್ಲಿ ಒಂದಕ್ಷರವೂ ತಲೆಗೆ ಹೋಗುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮೊದಲ ಸಲ ಪೆಟ್ಟಿಗೆ ಜಾರಿದಾಗ ಒಬ್ಬಿಬ್ಬರು ನಕ್ಕರು. ಎರಡನೆಯ ಸಲಕ್ಕೆ ಅರ್ಧ ಹಾಲ್. ಆಮೇಲೆ ಪೆಟ್ಟಿಗೆ ಸ್ವಲ್ಪ ಅಲ್ಲಾಡಿದರೆ ಸಾಕು, ‘ಬಿತ್ತು ಬಿತ್ತು’ ಅಂತ ಕೂಗು. ಕೊನೆಗೆ ಮೇಲೆ ಮುಟ್ಟಿಸಿದ ಮೇಲೆ ಅಂಚೆಯವನು ಬಂದು, ಆ ಕಡೆಯಿಂದ ಗಾಡಿ ಬರುವ ರಸ್ತೆಯೇ ಇದೆಯಲ್ಲ ಎನ್ನುತ್ತಾನೆ. ಇವರು ‘ಮೊದಲೇ ಗೊತ್ತಾಗಬಾರದಿತ್ತೆ’ ಎಂದು ಪೇಚಾಡಿ, ಪೆಟ್ಟಿಗೆಯನ್ನು ಹೊತ್ತು ಮತ್ತೆ ಕೆಳಗಿಳಿಯುತ್ತಾರೆ, ರಸ್ತೆಯಿಂದ ತರಲು! ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಪರದೆಗೇ ಕೂಗಿದಳು, "ಏ, ಕೆಳಗ ಒಯ್ಯಬ್ಯಾಡ್ರೋ!"

ಚಾಪ್ಲಿನ್‌ರ ‘ಮಾಡರ್ನ್ ಟೈಮ್ಸ್’ ತೋರಿಸಿದರೆ ಹುಡುಗರಿಗಿಂತ ನೌಕರಿಯವರು ಜಾಸ್ತಿ ನಗುತ್ತಾರೆ. ಕಾರ್ಖಾನೆಯಲ್ಲಿ ಊಟದ ಬಿಡುವನ್ನು ಉಳಿಸಲು ಮಾಲೀಕನ ಮುಂದೆ ಒಂದು ಉಣಿಸುವ ಯಂತ್ರ ತರುತ್ತಾರೆ. ಗೊಂಜಾಳದ ತೆನೆ ಬಾಯಿಗೆ ಬಂದು ಗರಗರ ತಿರುಗುತ್ತದೆ, ಯಂತ್ರ ಕೆಟ್ಟು ಹುಚ್ಚು ವೇಗ ಹಿಡಿಯುತ್ತದೆ. 1936ರ ದೃಶ್ಯ. ಊಟದ ಡಬ್ಬಿ ಮುಂದಿಟ್ಟುಕೊಂಡು ಲ್ಯಾಪ್‌ಟಾಪ್ ಒತ್ತುವವರಿಗೆ ಇದು ಹಳೆಯದು ಅನ್ನಿಸುವುದಿಲ್ಲ.

ಹಾಗಂತ ಎಲ್ಲವೂ ಉಳಿದಿಲ್ಲ. ಸತ್ತದ್ದು ಬಹಳ ಇದೆ. ಅದೇ ಕಾಲದ ಹಾಸ್ಯನಟ ಬಸ್ಟರ್ ಕೀಟನ್ 1922ರಲ್ಲಿ ಕೌಬಾಯ್ ನಟ ವಿಲಿಯಂ ಹಾರ್ಟ್ ಅವರನ್ನು ಅಣಕಿಸಿ ಒಂದು ಚಿತ್ರ ಮಾಡಿದರು. ಹಾರ್ಟ್ ಸಿಟ್ಟಿಗೆದ್ದರು, ಜನ ನಕ್ಕರು. ಈಗ ಹಾರ್ಟ್ ಯಾರು ಅಂತಲೇ ಗೊತ್ತಿಲ್ಲದವರು ಯಾವುದಕ್ಕೆ ನಗಬೇಕು? ಕರಿಯ ಜನರನ್ನು ಹೀಯಾಳಿಸುವ ತಮಾಷೆಗಳು ಅಂದಿನ ಎಷ್ಟೋ ಚಿತ್ರಗಳಲ್ಲಿವೆ. ಅವು ಬಂದಾಗ ಮೈ ಹಿಡಿಯಾಗುತ್ತದೆ. ಒದೆ, ಇಟ್ಟಿಗೆ, ಮತ್ತೆ ಒದೆ ಎಂದು ಸಾಗುವ 1914ರ ಸುಮಾರಿನ ಕೀಸ್ಟೋನ್ ಸ್ಟುಡಿಯೋದ ತುಣುಕುಗಳನ್ನು ನಾನು ಪೂರ್ತಿ ನೋಡಲಾರೆ. ಚಾಪ್ಲಿನ್ ಅಲ್ಲಿಂದಲೇ ಬಂದವರು, ನಿಜ. ಆದರೆ ಬೇಗ ಬಿಟ್ಟು ಹೋದದ್ದು ಒಳ್ಳೆಯದಾಯಿತು.

ಇನ್ನು ಕೆಲವು ಉಳಿದಿವೆ, ನಗುವಾಗಿ ಅಲ್ಲ. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ನಲ್ಲಿ ಬಿರುಗಾಳಿಗೆ ಇಡೀ ಮನೆಯ ಮುಂಗೋಡೆ ಕೀಟನ್ ಮೇಲೆ ಬೀಳುತ್ತದೆ. ಅವರು ನಿಂತ ಜಾಗಕ್ಕೆ ಸರಿಯಾಗಿ ಅಟ್ಟದ ಕಿಟಕಿ ಬರುತ್ತದೆ, ಬದುಕುತ್ತಾರೆ. ಗೋಡೆ ನಿಜವಾದದ್ದು, ಟನ್ನುಗಟ್ಟಲೆ ಭಾರ. ಕಿಟಕಿಗೂ ಅವರ ಮೈಗೂ ಕೆಲವೇ ಇಂಚಿನ ಅಂತರ. ಕಂಪ್ಯೂಟರಿನಲ್ಲಿ ಊರನ್ನೇ ಸುಡುವುದನ್ನು ನೋಡಿ ಬೆಳೆದ ಹುಡುಗರು ಇದಕ್ಕೆ ನಗುವುದಿಲ್ಲ. ‘ಖರೇನಾ?’ ಅಂತ ಕೇಳುತ್ತಾರೆ, ಹಿಂದಕ್ಕೆ ಓಡಿಸಿ ಮತ್ತೆ ನೋಡುತ್ತಾರೆ.

ಮತ್ತೆ, ಆಗಿನ ಪ್ರೇಕ್ಷಕರೇ ಜಾಣರು ಅಂತಲೂ ತಿಳಿಯಬೇಡಿ. ಕೀಟನ್‌ರ ‘ದ ಜನರಲ್’ 1926ರ ಕೊನೆಗೆ ತೆರೆಗೆ ಬಂದಾಗ ಖರ್ಚಿಗೆ ತಕ್ಕ ಗಳಿಕೆ ಆಗಲಿಲ್ಲ, ವಿಮರ್ಶಕರಲ್ಲಿ ಅನೇಕರು ಮೂಗು ಮುರಿದರು. ಆಮೇಲೆ ಕೀಟನ್ ಕೈಯಿಂದ ಅವರ ಸ್ವಂತ ಸ್ಟುಡಿಯೋವೂ ಹೋಯಿತು. ಅದೇ ಚಿತ್ರವನ್ನು ಈಗ ಅವರ ಎಲ್ಲಕ್ಕಿಂತ ದೊಡ್ಡ ಕೆಲಸ ಎನ್ನುತ್ತಾರೆ. ಅಜ್ಜಂದಿರು ನಗದೆ ಬಿಟ್ಟದ್ದಕ್ಕೆ ಮೊಮ್ಮಕ್ಕಳು ನಕ್ಕ ಉದಾಹರಣೆಯೂ ಇದೆ ಅಂತಾಯಿತು.

ನಿಮ್ಮ ಮೊಮ್ಮಗ ಬೇಸಿಗೆ ಸೂಟಿಗೆ ಮತ್ತೆ ಬರುತ್ತಾನಲ್ಲ. ಆಗ ಅವನೊಬ್ಬನನ್ನೇ ಕೂರಿಸಬೇಡಿ, ಓಣಿಯ ಹತ್ತು ಹುಡುಗರನ್ನು ಕರೆಯಿರಿ. ‘ಮ್ಯೂಸಿಕ್ ಬಾಕ್ಸ್’ನಿಂದ ಶುರುಮಾಡಿ. ಚಾಪ್ಲಿನ್ ಆಮೇಲೆ ಬರಲಿ. ಅವರ ಚಿತ್ರಗಳನ್ನು ಇಟಲಿಯ ಬೊಲೊನ್ಯಾ ನಗರದ ಚಿತ್ರ ಭಂಡಾರದವರು ಚೊಕ್ಕ ಮಾಡಿದ್ದಾರೆ, ಅಂಥ ಪ್ರಿಂಟನ್ನೇ ಹುಡುಕಿ. ‘ಸಿಟಿ ಲೈಟ್ಸ್’ ಈಗಲೇ ಬೇಡ. ಅದರ ಕೊನೆಗೆ ದೊಡ್ಡವರು ಕಣ್ಣು ಒರೆಸಿಕೊಳ್ಳುತ್ತಾರೆ, ಹುಡುಗರು ದೊಡ್ಡವರನ್ನು ನೋಡಿ ಕಿಸಕ್ಕನೆ ನಗುತ್ತಾರೆ. ಮತ್ತೆ ದಯವಿಟ್ಟು ಯಾವ ದೃಶ್ಯವನ್ನೂ ಮೊದಲೇ ಹೇಳಬೇಡಿ. ಮಾಸ್ತರಿಕೆಯ ಅಭ್ಯಾಸ, ಕಷ್ಟವಾಗಬಹುದು.

ಪತ್ರದ ಅಂಚಿನಲ್ಲಿ ಸಣ್ಣಗೆ ಇನ್ನೊಂದು ಪ್ರಶ್ನೆ ಬರೆದಿದ್ದೀರಿ: 1940ರ ‘ದ ಗ್ರೇಟ್ ಡಿಕ್ಟೇಟರ್’ ಮಕ್ಕಳಿಗೆ ತೋರಿಸಬಹುದೇ? ಧಾರಾಳವಾಗಿ. ಹಿಟ್ಲರ್ ಯಾರೆಂದು ಎರಡು ಮಾತು ಹೇಳಿದರೆ ಸಾಕು. ಕ್ಷೌರದ ಕುರ್ಚಿಯಲ್ಲಿ ಕೂತ ಇಬ್ಬರು ಸರ್ವಾಧಿಕಾರಿಗಳು ನಾನು ಮೇಲೆ, ನಾನು ಮೇಲೆ ಅಂತ ಕುರ್ಚಿ ಏರಿಸಿಕೊಳ್ಳುತ್ತ ಹೋಗುವುದಕ್ಕೆ ಅದೂ ಬೇಕಿಲ್ಲ, ಪಂಚಾಯ್ತಿ ಚುನಾವಣೆ ನೋಡಿದ ಹುಡುಗರಿಗೆ ತಾನಾಗಿ ಗೊತ್ತಾಗುತ್ತದೆ. ಕೊನೆಯಲ್ಲಿ ಚಾಪ್ಲಿನ್ ಕ್ಯಾಮೆರಾ ನೋಡಿಕೊಂಡು ಉದ್ದನೆಯ ಭಾಷಣ ಮಾಡುತ್ತಾರೆ. ಒಳ್ಳೆಯ ಮಾತುಗಳೇ. ಆದರೆ ಆ ಹೊತ್ತಿಗೆ ಹುಡುಗರು ಎದ್ದು ಆಡಲು ಹೊರಟರೆ ತಡೆಯಬೇಡಿ. ನನಗೂ ಅಲ್ಲಿ ಪ್ರತಿ ಸಲ ಚಹಾ ನೆನಪಾಗುತ್ತದೆ.

– ಸಂಪಾದಕ, ಬೆಳಗಾವಿ