ಅರಿಸ್ಟಾಟಲ್‌ನನ್ನು ಇಷ್ಟು ಬೇಗ ಬಿಡಬೇಡಿ

ನಮಸ್ಕಾರ,

‘ಗ್ರೀಕರು ಕಂಡ ಹೆಣ್ಣು’ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನಡುವೆ ಗಂಡ ಹೆಂಡಿರ ಗೆಳೆತನದ ಬಗ್ಗೆ ಅರಿಸ್ಟಾಟಲ್ ಅಂದ ಒಂದು ಸಾಲು ಇದೆ. ಅದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ತಕರಾರು. ಮೊದಲ ಮೂರು ಪುಟ ಬರೀ ಪಟ್ಟಿ. ಪ್ಲೇಟೋ ಹೀಗಂದ, ಅರಿಸ್ಟಾಟಲ್ ಹಾಗಂದ, ಎಪಿಕ್ಯೂರಸ್ ತನ್ನ ತೋಟದ ಶಾಲೆಗೆ ಹೆಂಗಸರನ್ನೂ ಸೇರಿಸಿಕೊಂಡ. ಸರಿ, ಆಮೇಲೆ? ಡಿಯೋಟಿಮಾ ಎಂಬ ಹೆಂಗಸು ಸಾಕ್ರಟಿಸ್‌ಗೆ ಪಾಠ ಹೇಳಿದಳು ಅಂತ ಇತಿಹಾಸದ ಹಾಗೆ ಬರೆದಿದ್ದೀರಿ. ಅವಳು ಬರುವುದು ಪ್ಲೇಟೋ ಬರೆದ ‘ಸಿಂಪೋಸಿಯಂ’ ಎಂಬ ಸಂವಾದದಲ್ಲಿ, ಸಾಕ್ರಟಿಸ್‌ನ ಮಾತಿನೊಳಗೆ. ಅವಳು ಪ್ಲೇಟೋ ಕಟ್ಟಿದ ಪಾತ್ರವೇ ಇರಬಹುದು. ಇನ್ನು ಕೊನೆಯ ಗಾರ್ಗಿ, ಮೈತ್ರೇಯಿ ಪ್ಯಾರಾ ತೆಗೆದುಬಿಡಿ. ನಮಗೆ ಬರುವ ಲೇಖನಗಳಲ್ಲಿ ಹೆಣ್ಣಿನ ಮಾತು ಬಂದರೆ ಸಾಕು, ಇಬ್ಬರೂ ಹಾಜರ್!

ಇನ್ನೊಂದು ತಪ್ಪು ದೊಡ್ಡದು. ಹೆಣ್ಣಿಗೆ ವಿವೇಕವೇ ಇಲ್ಲ ಎಂದು ಅರಿಸ್ಟಾಟಲ್ ಹೇಳಿದ ಅಂತೀರಿ. ಅವನ ‘ಪಾಲಿಟಿಕ್ಸ್’ ಗ್ರಂಥದ ಮೊದಲ ಭಾಗದಲ್ಲಿ ಇರುವುದು ಬೇರೆ. ಯೋಚಿಸಿ ತೀರ್ಮಾನಿಸುವ ಶಕ್ತಿ ಗುಲಾಮನಿಗೆ ಇಲ್ಲ, ಮಗುವಿಗೆ ಇನ್ನೂ ಬಲಿತಿಲ್ಲ, ಹೆಣ್ಣಿಗೆ ಇದೆ, ಆದರೆ ಅದಕ್ಕೆ ಅಧಿಕಾರ ಇಲ್ಲ ಅಂತಾನೆ. ಅವಳ ಮನಸ್ಸಿನೊಳಗೇ ಅದರ ಮಾತು ನಡೆಯುವುದಿಲ್ಲ ಅಂತಲೋ, ಹೊರಗೆ ಅವಳ ಮಾತನ್ನು ಯಾರೂ ಕೇಳುವುದಿಲ್ಲ ಅಂತಲೋ, ಅವನು ಬಿಡಿಸಿ ಹೇಳಲಿಲ್ಲ. ವಿದ್ವಾಂಸರು ಇವತ್ತಿಗೂ ವಾದ ಮಾಡುತ್ತಾರೆ. ಬೈಯುವುದಿದ್ದರೆ ಧಾರಾಳವಾಗಿ ಬೈಯಿರಿ, ಆದರೆ ಅವನು ಅಂದದ್ದಕ್ಕೆ ಬೈಯಿರಿ.

ಈಗ ಆ ಸಾಲು. ‘ನಿಕೊಮಾಕಿಯನ್ ಎಥಿಕ್ಸ್’ ಎಂಬ ನೀತಿಗ್ರಂಥದಲ್ಲಿ ಅವನು ಗೆಳೆತನವನ್ನು ಮೂರು ಬಗೆ ಮಾಡುತ್ತಾನೆ. ಲಾಭಕ್ಕೆ ಆದದ್ದು, ಖುಷಿಗೆ ಆದದ್ದು, ಒಬ್ಬರ ಗುಣ ಇನ್ನೊಬ್ಬರಿಗೆ ಹಿಡಿಸಿ ಆದದ್ದು. ಕೊನೆಯದೇ ಪೂರ್ಣ ಗೆಳೆತನ. ಅದರ 8ನೇ ಭಾಗದಲ್ಲಿ ಗಂಡ ಹೆಂಡಿರ ಮಾತು ಬರುತ್ತದೆ. ಅಲ್ಲಿ ಲಾಭವೂ ಉಂಟು, ಖುಷಿಯೂ ಉಂಟು, ಇಬ್ಬರೂ ಒಳ್ಳೆಯವರಾದರೆ ಗುಣದ ಗೆಳೆತನವೂ ಆಗಬಹುದು ಅಂತಾನೆ. ನೀವು ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಓಡಿದ್ದೀರಿ. ನಿಮ್ಮ ವಾದಕ್ಕೆ ಇದು ತೊಡಕು, ಅದಕ್ಕೇ ಅಲ್ವಾ? ಲೇಖನ ಶುರುವಾಗಬೇಕಾದದ್ದೇ ಇಲ್ಲಿಂದ.

ಯಾಕೆಂದರೆ ಇದೇ ಮನುಷ್ಯ ಅದೇ ಪುಸ್ತಕದಲ್ಲಿ ಗಂಡ ಹೆಂಡಿರ ಸ್ನೇಹವನ್ನು ಮೇಲು ಕೀಳಿನ ಸ್ನೇಹ ಅಂತಲೂ ಎಣಿಸುತ್ತಾನೆ. ಮೇಲಿನವರಿಗೆ ಪ್ರೀತಿ ಜಾಸ್ತಿ ಸಲ್ಲಬೇಕು ಅಂತಾನೆ. ಪೂರ್ಣ ಗೆಳೆತನಕ್ಕೋ, ಗುಣದಲ್ಲಿ ಸರಿಸಮ ಇರಬೇಕು. ಗಂಡಿನ ಗುಣ, ಹೆಣ್ಣಿನ ಗುಣ ಒಂದೇ ಅನ್ನುವ ಸಾಕ್ರಟಿಸ್‌ನ ಮಾತನ್ನು ಅರಿಸ್ಟಾಟಲ್ ‘ಪಾಲಿಟಿಕ್ಸ್’ನಲ್ಲಿ ಹೆಸರು ಹಿಡಿದೇ ತಿರಸ್ಕರಿಸುತ್ತಾನೆ. ಗುಣವೇ ಬೇರೆ, ಅದರಲ್ಲೂ ಒಂದು ಆಳುವುದು, ಇನ್ನೊಂದು ಆಳಿಸಿಕೊಳ್ಳುವುದು ಅಂದಮೇಲೆ ಇವರು ಗುಣದ ಗೆಳೆಯರಾಗುವುದು ಹೇಗೆ? ಒಟ್ಟಿಗೆ ಉಪ್ಪು ತಿನ್ನದೆ ಗೆಳೆಯರು ಒಬ್ಬರನ್ನೊಬ್ಬರು ಅರಿಯಲಾರರು ಅನ್ನುವ ಗಾದೆಯನ್ನೂ ಅವನೇ ತರುತ್ತಾನೆ. ಒಂದೇ ಸೂರಿನಡಿ ವರ್ಷಗಟ್ಟಲೆ ಉಪ್ಪು ತಿಂದವಳು ಯಾರು ಮಾರಾಯರೇ? ಆದರೂ ಅಥೆನ್ಸ್‌ನ ಗಂಡಸರು ಕುಡಿದು ಹರಟುವ ಕೂಟಕ್ಕೆ ಹೆಂಡತಿ ಬರುವ ಹಾಗೇ ಇರಲಿಲ್ಲ.

ಈ ಗಂಟನ್ನು ನೀವು ಬಿಡಿಸಲೇಬೇಕು ಅಂತಿಲ್ಲ. ಎಲ್ಲಿ ಬಿಗಿದಿದೆ ಅಂತ ತೋರಿಸಿದರೂ ಆಯಿತು. ಪ್ಲೇಟೋನ ‘ರಿಪಬ್ಲಿಕ್’ಗೆ ಒಂದು ಪ್ಯಾರಾ ಕೊಡಿ. ಅಲ್ಲಿ ಊರು ಕಾಯುವ ಹೆಂಗಸರಿಗೂ ಗಂಡಸರಷ್ಟೇ ಶಿಕ್ಷಣ ಉಂಟು. ಆದರೆ ಆ ಕಾವಲುಗಾರರಿಗೆ ಸ್ವಂತ ಸಂಸಾರವೇ ಇಲ್ಲ. ಹಾಗಾಗಿ ಗಂಡ ಹೆಂಡಿರ ಗೆಳೆತನದ ಪ್ರಶ್ನೆ ಪ್ಲೇಟೋಗೆ ಎದುರಾಗುವುದೇ ಇಲ್ಲ.

ಅರಿಸ್ಟಾಟಲ್‌ನ ಉಯಿಲನ್ನು ನೀವು ಮುಟ್ಟಿಲ್ಲ. ದಾರ್ಶನಿಕರ ಜೀವನ ಬರೆದ ಡಯೋಜಿನೀಸ್ ಲೇರ್ಟಿಯಸ್ ಅದನ್ನು ಉಳಿಸಿಕೊಟ್ಟಿದ್ದಾನೆ. ಹೆಂಡತಿ ಪಿಥಿಯಾಸ್ ಬಯಸಿದ್ದಂತೆ ಅವಳ ಮೂಳೆಗಳನ್ನು ತನ್ನ ಸಮಾಧಿಯಲ್ಲೇ ಇಡಬೇಕು ಅಂತ ಅದರಲ್ಲಿದೆ. ಆಮೇಲೆ ಜೊತೆಗಿದ್ದ ಹೆರ್ಪಿಲ್ಲಿಸ್ ತನ್ನನ್ನು ಚೆನ್ನಾಗಿ ನೋಡಿಕೊಂಡಳು, ಅವಳಿಗೆ ಬೇಕಾದ ಕಡೆ ಮನೆ ಕೊಡಿ ಅಂತಲೂ ಇದೆ. ಇದನ್ನು ಸೇರಿಸಿ. ಆದರೆ ‘ನೋಡಿ, ಅವನು ಒಳ್ಳೆಯವನೇ’ ಅಂತ ಸಾಧಿಸಲು ಬಳಸಬೇಡಿ.

1500 ಪದ ಸಾಕು. ‘ಮಹಾನ್ ದಾರ್ಶನಿಕ’ ಅನ್ನುವ ಮಾತು ಆರು ಕಡೆ ಇದೆ, ಒಂದನ್ನೂ ಉಳಿಸಬೇಡಿ. ತಿದ್ದಿ ನೇರವಾಗಿ ನನಗೇ ಕಳಿಸಿ.